‘ರೆಸ್ಪೆಕ್ಟೆಡ್ ಸರ್’ ಆದಮೇಲೆ ಏನು ಬರೆಯಬೇಕು?

ಓದುಗರ ಪ್ರಶ್ನೆಗಳಿಗೆ ಉತ್ತರ. ಈ ಸಲದ ವಿಷಯ ಇಂಗ್ಲಿಷಿನ ಅರ್ಜಿ, ಪತ್ರ ಮತ್ತು ಇ-ಮೇಲ್. ಎಲ್ಲರಿಗೂ ಓದಲು ಸಲೀಸಾಗಲೆಂದು ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಅಚ್ಚು ಹಾಕಿದ್ದೇವೆ.

ಪ್ರಶ್ನೆ: ಎಟಿಎಂನಲ್ಲಿ ದುಡ್ಡು ಬರಲಿಲ್ಲ, ಖಾತೆಯಿಂದ ಮಾತ್ರ ₹10,000 ಕಡಿತವಾಯಿತು. ಬ್ಯಾಂಕಿಗೆ ಕೊಟ್ಟ ಪತ್ರದ ಸಾರ ಹೀಗಿದೆ: ‘ರೆಸ್ಪೆಕ್ಟೆಡ್ ಸರ್, ವಿತ್ ಡ್ಯೂ ರೆಸ್ಪೆಕ್ಟ್ ಐ ಬೆಗ್ ಟು ಸ್ಟೇಟ್ ದಟ್ ಐ ಆಮ್ ಎ ಕಸ್ಟಮರ್ ಆಫ್ ಯುವರ್ ಎಸ್ಟೀಮ್ಡ್ ಬ್ಯಾಂಕ್ ಸಿನ್ಸ್ ಮೆನಿ ಇಯರ್ಸ್. ಲಾಸ್ಟ್ ಮಂಡೇ ಐ ವೆಂಟ್ ಟು ಎಟಿಎಂ ನಿಯರ್ ಬಸ್ ಸ್ಟ್ಯಾಂಡ್ ಫಾರ್ ಮೈ ಡಾಟರ್ಸ್ ಕಾಲೇಜ್ ಫೀಸ್ ಬಟ್ ಮನಿ ಡಿಡ್ ನಾಟ್ ಕೇಮ್. ಕೈಂಡ್ಲಿ ಡು ದಿ ನೀಡ್‌ಫುಲ್ ಅಟ್ ದಿ ಅರ್ಲಿಯೆಸ್ಟ್.’ ಉತ್ತರವೇ ಇಲ್ಲ. ಇಂಗ್ಲಿಷ್ ತಪ್ಪಾಗಿರುವುದಕ್ಕೆ ಹೀಗಾಯಿತೇ? (ಓದುಗರು, ರಾಣೆಬೆನ್ನೂರು)

ಉತ್ತರ: ಇಂಗ್ಲಿಷ್ ತಪ್ಪು ಇರುವುದು ಒಂದೆರಡು ಕಡೆ, ಅದರಿಂದ ಯಾರ ಕೆಲಸವೂ ನಿಂತಿರುವುದಿಲ್ಲ. ‘ಡಿಡ್ ನಾಟ್ ಕೇಮ್’ ಅಲ್ಲ, ‘ಡಿಡ್ ನಾಟ್ ಕಮ್’. ಭೂತಕಾಲವನ್ನು ‘ಡಿಡ್’ ಆಗಲೇ ಹೊತ್ತಿರುವುದರಿಂದ ಮುಂದಿನ ಕ್ರಿಯಾಪದ ಮೂಲರೂಪದಲ್ಲೇ ಉಳಿಯಬೇಕು. ಅಷ್ಟನ್ನು ತಿದ್ದಿದರೂ ಆ ಪತ್ರ ಕೆಲಸ ಮಾಡುತ್ತಿರಲಿಲ್ಲ.

ಕೌಂಟರಿನ ಆಚೆ ಕೂತವರ ಜಾಗದಲ್ಲಿ ನಿಂತು ನಿಮ್ಮ ಪತ್ರವನ್ನು ಓದಿ ನೋಡಿ. ಯಾವ ಖಾತೆ? ಗೊತ್ತಿಲ್ಲ. ಯಾವ ಎಟಿಎಂ? ಬಸ್ ಸ್ಟ್ಯಾಂಡಿನ ಹತ್ತಿರ ನಾಲ್ಕಿರಬಹುದು. ‘ಲಾಸ್ಟ್ ಮಂಡೇ’ ಎಂದರೆ ಪತ್ರ ಬರೆದ ವಾರದ ಹಿಂದಿನ ಸೋಮವಾರವೋ, ಅದು ಮೇಜಿಗೆ ಬಂದ ವಾರದ ಹಿಂದಿನದೋ? ಎಷ್ಟು ಹಣ? ಆ ₹10,000 ಪ್ರಶ್ನೆಯಲ್ಲಿ ನಮಗೆ ತಿಳಿಸಿದ್ದೀರಿ, ಪತ್ರದಲ್ಲಿ ಬ್ಯಾಂಕಿಗೆ ತಿಳಿಸಿಲ್ಲ. ಕೊನೆಗೆ ‘ನೀಡ್‌ಫುಲ್’ ಎಂದರೆ ಏನು ಮಾಡಬೇಕು ಎಂಬುದೂ ಅವರ ಊಹೆಗೇ ಬಿಟ್ಟದ್ದು. ಮಗಳ ಫೀಸಿನ ಸಂಗತಿ ನಿಮಗೆ ದೊಡ್ಡದೇ. ಆದರೆ ಹಣ ವಾಪಸ್ ಬರಲು ಬೇಕಾದ ಪುರಾವೆ ಅದಲ್ಲ.

ಮೊದಲು ಬರಬೇಕಾದ್ದು ವಿಷಯದ ಸಾಲು. ಅದನ್ನೊಂದೇ ಓದಿದರೂ ಪತ್ರ ಯಾವ ಮೇಜಿಗೆ ಹೋಗಬೇಕೆಂದು ಗೊತ್ತಾಗುವಂತಿರಲಿ:

‘ಸಬ್ಜೆಕ್ಟ್: ಫೇಲ್ಡ್ ಎಟಿಎಂ ವಿತ್‌ಡ್ರಾಯಲ್ ಆಫ್ ₹10,000 ಆನ್ 3 ಮಾರ್ಚ್ 2025, ಸೇವಿಂಗ್ಸ್ ಅಕೌಂಟ್ ಎಂಡಿಂಗ್ 4471.’

ಆಮೇಲೆ ಮೂರು ಸಣ್ಣ ಪ್ಯಾರಾ ಸಾಕು. ಏನಾಯಿತು:

‘ಆನ್ 3 ಮಾರ್ಚ್ 2025 ಅಟ್ 6.40 ಪಿ.ಎಂ., ಐ ಟ್ರೈಡ್ ಟು ವಿತ್‌ಡ್ರಾ ₹10,000 ಫ್ರಮ್ ಯುವರ್ ಎಟಿಎಂ ಅಟ್ ದಿ ಬಸ್ ಸ್ಟ್ಯಾಂಡ್. ದಿ ಮೆಷಿನ್ ಡಿಡ್ ನಾಟ್ ಡಿಸ್ಪೆನ್ಸ್ ಎನಿ ಕ್ಯಾಶ್, ಬಟ್ ಮೈ ಅಕೌಂಟ್ ವಾಸ್ ಡೆಬಿಟೆಡ್.’ ಇದರ ಕೆಳಗೇ ಎಟಿಎಂ ಐಡಿ ಮತ್ತು ಟ್ರಾನ್ಸಾಕ್ಷನ್ ರೆಫರೆನ್ಸ್ ನಂಬರ್. ಸ್ಲಿಪ್ ಬಂದಿದ್ದರೆ ಅದರಲ್ಲಿ ಸಿಗುತ್ತವೆ. ಸ್ಲಿಪ್ ಇಲ್ಲದಿದ್ದರೆ ಎಸ್ಸೆಮ್ಮೆಸ್ ಅಥವಾ ಪಾಸ್‌ಬುಕ್ಕಿನ ಸಾಲಿನಲ್ಲಿ ಹುಡುಕಿ.

ಈಗಿನ ಸ್ಥಿತಿ: ‘ದಿ ಅಮೌಂಟ್ ಹ್ಯಾಸ್ ನಾಟ್ ಬೀನ್ ರಿವರ್ಸ್ಡ್ ಆಸ್ ಆಫ್ 20 ಮಾರ್ಚ್ 2025.’ ಈಗಾಗಲೇ ದೂರು ದಾಖಲಿಸಿದ್ದರೆ ಆ ದೂರಿನ ಸಂಖ್ಯೆ ಮತ್ತು ದಿನಾಂಕವೂ ಇಲ್ಲೇ ಬರಬೇಕು.

ನಿಮಗೇನು ಬೇಕು: ‘ಪ್ಲೀಸ್ ಕ್ರೆಡಿಟ್ ₹10,000 ಟು ಮೈ ಅಕೌಂಟ್, ವಿತ್ ಕಾಂಪೆನ್ಸೇಷನ್ ಆಫ್ ₹100 ಪರ್ ಡೇ ಫ್ರಮ್ 9 ಮಾರ್ಚ್, ಆಸ್ ಪರ್ ದಿ ಆರ್‌ಬಿಐ ಸರ್ಕ್ಯುಲರ್ ಡೇಟೆಡ್ 20 ಸೆಪ್ಟೆಂಬರ್ 2019 ಆನ್ ಫೇಲ್ಡ್ ಟ್ರಾನ್ಸಾಕ್ಷನ್ಸ್.’

ಈ ಕೊನೆಯ ಸಾಲಿನಲ್ಲಿ ತೂಕವಿದೆ. ರಿಸರ್ವ್ ಬ್ಯಾಂಕಿನ ಆ ಸುತ್ತೋಲೆಯ ಪ್ರಕಾರ ಎಟಿಎಂನಲ್ಲಿ ಹಣ ಬರದೆ ಕಡಿತವಾದರೆ ವ್ಯವಹಾರದ ದಿನ ಬಿಟ್ಟು ಐದು ದಿನದೊಳಗೆ ಬ್ಯಾಂಕ್ ತಾನಾಗಿಯೇ ಹಣ ಮರಳಿಸಬೇಕು. ತಡವಾದರೆ ಆಮೇಲಿನ ಪ್ರತಿ ದಿನಕ್ಕೆ ₹100 ಪರಿಹಾರ. ಮೇಲಿನ ಉದಾಹರಣೆಯಲ್ಲಿ ಮಾರ್ಚ್ 8ಕ್ಕೆ ಗಡುವು ಮುಗಿಯಿತು. 9ರಿಂದ 20ರವರೆಗೆ 12 ದಿನ, ಅಂದರೆ ₹1,200. ಸುತ್ತೋಲೆಯ ದಿನಾಂಕ ಬರೆದ ಪತ್ರಕ್ಕೂ ‘ಎಸ್ಟೀಮ್ಡ್ ಬ್ಯಾಂಕ್’ ಎಂದು ಬರೆದ ಪತ್ರಕ್ಕೂ ಸಿಗುವ ಮರ್ಯಾದೆ ಬೇರೆ ಬೇರೆ. ಎಟಿಎಂ ಬೇರೆ ಬ್ಯಾಂಕಿನದಾಗಿದ್ದರೂ ದೂರು ಕೊಡಬೇಕಾದ್ದು ನಿಮಗೆ ಕಾರ್ಡ್ ಕೊಟ್ಟ ಬ್ಯಾಂಕಿಗೇ. ಆಗ ‘ಯುವರ್ ಎಟಿಎಂ’ ಎನ್ನುವ ಕಡೆ ಆ ಇನ್ನೊಂದು ಬ್ಯಾಂಕಿನ ಹೆಸರು ಬರೆಯಿರಿ.

ಸಹಿಯ ಕೆಳಗೆ ‘ಎನ್‌ಕ್ಲೋಷರ್ಸ್’ ಎಂದು ಬರೆದು, ಲಗತ್ತಿಸಿದ್ದನ್ನು ಒಂದೊಂದಾಗಿ ಹೆಸರಿಸಿ: ಪಾಸ್‌ಬುಕ್ ಪುಟದ ಪ್ರತಿ, ಎಸ್ಸೆಮ್ಮೆಸ್ಸಿನ ಚಿತ್ರ. ಪಿನ್, ಒಟಿಪಿ, ಕಾರ್ಡಿನ ಹಿಂಬದಿಯ ಮೂರಂಕಿ ಇವನ್ನು ಯಾವ ಪತ್ರದಲ್ಲೂ ಬರೆಯಬೇಡಿ. ಶಾಖೆಗೇ ಹೋಗಿ ಕೊಡುವುದಾದರೆ ಎರಡು ಪ್ರತಿ ಒಯ್ದು, ನಿಮ್ಮ ಪ್ರತಿಯ ಮೇಲೆ ಸೀಲು, ಸಹಿ, ದಿನಾಂಕ ಹಾಕಿಸಿಕೊಳ್ಳಿ. ದೂರು ಕೊಟ್ಟು 30 ದಿನವಾದರೂ ಉತ್ತರ ಬರದಿದ್ದರೆ ರಿಸರ್ವ್ ಬ್ಯಾಂಕಿನ ಓಂಬುಡ್ಸ್‌ಮನ್ (ಗ್ರಾಹಕರ ದೂರು ವಿಚಾರಿಸುವ ಅಧಿಕಾರಿ) ಹತ್ತಿರ ಹೋಗಬಹುದು. ಅಲ್ಲಿ ಮೊದಲು ಕೇಳುವುದು, ನೀವು ಬ್ಯಾಂಕಿಗೆ ಬರೆದದ್ದು ಯಾವಾಗ, ಪುರಾವೆ ಎಲ್ಲಿ ಎಂದು. ಆ ಸೀಲಿಗೆ ಬೆಲೆ ಬರುವುದು ಆಗ.

ಪ್ರಶ್ನೆ: ‘ಯುವರ್ಸ್ ಫೇತ್‌ಫುಲಿ’ ಯಾವಾಗ, ‘ಯುವರ್ಸ್ ಸಿನ್ಸಿಯರ್ಲಿ’ ಯಾವಾಗ? ಹೆಸರು ಗೊತ್ತಿದ್ದರೆ ಹೇಗೆ ಸಂಬೋಧಿಸಬೇಕು? (ಸಹಕಾರ ಸಂಘದ ಗುಮಾಸ್ತೆ, ಶಿರಸಿ)

ಉತ್ತರ: ತಲೆಗೂ ಬಾಲಕ್ಕೂ ಜೋಡಿ ಇದೆ. ಹೆಸರಿಲ್ಲದೆ ‘ಡಿಯರ್ ಸರ್ ಆರ್ ಮೇಡಮ್’ ಎಂದು ಶುರು ಮಾಡಿದರೆ ‘ಯುವರ್ಸ್ ಫೇತ್‌ಫುಲಿ’. ‘ಡಿಯರ್ ಮಿಸ್ಟರ್ ಪಾಟೀಲ್’ ಎಂದು ಹೆಸರು ಹಿಡಿದು ಶುರು ಮಾಡಿದರೆ ‘ಯುವರ್ಸ್ ಸಿನ್ಸಿಯರ್ಲಿ’. ಇದು ಬ್ರಿಟಿಷ್ ಪದ್ಧತಿ, ನಮ್ಮ ಕಚೇರಿಗಳಲ್ಲೂ ಇದೇ ನಡೆದುಬಂದಿದೆ. ಅಮೆರಿಕದವರು ಬರೀ ‘ಸಿನ್ಸಿಯರ್ಲಿ’ ಎನ್ನುತ್ತಾರೆ. ಇ-ಮೇಲಿನಲ್ಲಿ ‘ರಿಗಾರ್ಡ್ಸ್’ ಅಥವಾ ‘ಕೈಂಡ್ ರಿಗಾರ್ಡ್ಸ್’ ಎಲ್ಲಿಯೂ ನಡೆಯುತ್ತದೆ. ‘ಯುವರ್ಸ್’ ಪದದಲ್ಲಿ ಎಸ್ ಮುಂಚೆ ಅಪಾಸ್ಟ್ರಫಿ ಹಾಕಬೇಡಿ, ಎರಡನೇ ಪದದ ಮೊದಲಕ್ಷರ ದೊಡ್ಡದು ಮಾಡಬೇಡಿ. ಮುದ್ರಿತ ಲೆಟರ್‌ಹೆಡ್ಡುಗಳಲ್ಲೂ ಈ ಎರಡು ತಪ್ಪು ಕಾಣುತ್ತವೆ.

ಹೆಸರಿನ ವಿಷಯದಲ್ಲಿ ನಮ್ಮ ಕಡೆ ಗೋಜಲು ಜಾಸ್ತಿ. ಹಳೆ ಮೈಸೂರು ಸೀಮೆಯ ‘ಕೆ. ಮಂಜುನಾಥ್’ ಎಂಬಲ್ಲಿ ‘ಕೆ’ ಊರೋ ತಂದೆಯ ಹೆಸರೋ ಆಗಿರುತ್ತದೆ, ಮನೆತನದ ಹೆಸರೇ ಇರುವುದಿಲ್ಲ. ಅವರಿಗೆ ‘ಡಿಯರ್ ಮಿಸ್ಟರ್ ಮಂಜುನಾಥ್’. ಧಾರವಾಡದ ಕಡೆಯ ‘ಮಂಜುನಾಥ ಪಾಟೀಲ’ರಿಗೆ ‘ಡಿಯರ್ ಮಿಸ್ಟರ್ ಪಾಟೀಲ್’. ಮಹಿಳೆಯರಿಗೆ, ಅವರೇ ಬೇರೆ ಹೇಳದ ಹೊರತು, ‘ಮಿಝ್’ ಎಂದು ಉಚ್ಚರಿಸುವ ಎಂ-ಎಸ್. ಮದುವೆಯ ವಿಚಾರ ಪತ್ರಕ್ಕೆ ಬೇಡ. ಡಾಕ್ಟರ್, ಪ್ರೊಫೆಸರ್ ಇದ್ದರೆ ಮಿಸ್ಟರ್ ಬಿಟ್ಟುಬಿಡಿ. ‘ಡಿಯರ್ ಮಂಜುನಾಥ್ ಸರ್’ ನಮ್ಮ ಕಚೇರಿಯೊಳಗೆ ಚೆನ್ನ, ಸಮುದ್ರ ದಾಟಿದರೆ ವಿಚಿತ್ರ.

‘ರೆಸ್ಪೆಕ್ಟೆಡ್ ಸರ್’ ತಪ್ಪೇನಲ್ಲ. ‘ಮಾನ್ಯರೇ’ ಎಂಬುದರ ಇಂಗ್ಲಿಷ್ ರೂಪ, ಶಾಲೆ ಕಾಲೇಜಿನ ಅರ್ಜಿಗೆ ನಡೆಯುತ್ತದೆ. ಆದರೆ ಅದನ್ನು ಬಳಸುವುದು ಈ ಉಪಖಂಡದವರು ಮಾತ್ರ ಎಂಬುದು ನೆನಪಿರಲಿ.

ಪ್ರಶ್ನೆ: ನಾನು ಕನ್ನಡ ಮಾಧ್ಯಮದಲ್ಲಿ ಓದಿದವಳು. ವ್ಯಾಕರಣ ಕಲಿತಿದ್ದರೂ ಬರೆದದ್ದನ್ನು ಟೀಮ್ ಲೀಡ್ ತಿದ್ದುತ್ತಲೇ ಇರುತ್ತಾರೆ. ಎಲ್ಲಿ ಎಡವುತ್ತಿದ್ದೇನೆ? (ಓದುಗಿ, ಹಾಸನ)

ಉತ್ತರ: ನೀವು ಕಳಿಸಿದ ಐದು ಮೇಲ್‌ಗಳಲ್ಲಿ ಹೆಚ್ಚಿನ ತಪ್ಪುಗಳ ಹಿಂದೆ ಅಚ್ಚುಕಟ್ಟಾದ ಕನ್ನಡ ವಾಕ್ಯವೊಂದಿದೆ.

‘2019ರಿಂದ ಕೆಲಸ ಮಾಡುತ್ತಿದ್ದೇನೆ’ ಎಂಬುದು ಕನ್ನಡದಲ್ಲಿ ವರ್ತಮಾನ. ಅದನ್ನೇ ಇಳಿಸಿದರೆ ‘ಐ ಆಮ್ ವರ್ಕಿಂಗ್ ಸಿನ್ಸ್ 2019’ ಆಗುತ್ತದೆ. ಹಿಂದೆ ಶುರುವಾಗಿ ಇಂದಿಗೂ ನಡೆಯುತ್ತಿರುವುದಕ್ಕೆ ಇಂಗ್ಲಿಷಿನಲ್ಲಿ ಬೇರೆ ರೂಪ: ‘ಐ ಹ್ಯಾವ್ ಬೀನ್ ವರ್ಕಿಂಗ್ ಸಿನ್ಸ್ 2019’. ಆರಂಭದ ಬಿಂದುವಿಗೆ ‘ಸಿನ್ಸ್’, ಅವಧಿಗೆ ‘ಫಾರ್’. ಹಾಗಾಗಿ ‘ಸಿನ್ಸ್ ಫೈವ್ ಇಯರ್ಸ್’ ಅಲ್ಲ, ‘ಫಾರ್ ಫೈವ್ ಇಯರ್ಸ್’.

‘ಇದರ ಬಗ್ಗೆ ಚರ್ಚಿಸೋಣ’ ಎನ್ನುವಾಗಿನ ‘ಬಗ್ಗೆ’ ನಿಮ್ಮ ‘ಡಿಸ್ಕಸ್ ಅಬೌಟ್’ ಒಳಗೆ ಕೂತಿದೆ. ‘ಡಿಸ್ಕಸ್’ ಮತ್ತು ‘ಮೆನ್ಷನ್’ ಎರಡಕ್ಕೂ ‘ಅಬೌಟ್’ ಬೇಡ. ‘ರಿಕ್ವೆಸ್ಟ್’ ಕ್ರಿಯಾಪದವಾದಾಗ ‘ಐ ರಿಕ್ವೆಸ್ಟ್ ಲೀವ್’, ನಾಮಪದವಾದಾಗ ‘ಮೈ ರಿಕ್ವೆಸ್ಟ್ ಫಾರ್ ಲೀವ್’. ಪರಿಚಯದಲ್ಲಿ ‘ಮೈಸೆಲ್ಫ್’ ಬೇಡ, ‘ಐ ಆಮ್’ ಸಾಕು. ನಿಮ್ಮ ಬಳಿ ಇರುವ ವಸ್ತುವಿನ ಬಗ್ಗೆ ಹೇಳುವಾಗ ‘ಐ ಆಮ್ ಹ್ಯಾವಿಂಗ್ ಎ ಲ್ಯಾಪ್‌ಟಾಪ್’ ಅಲ್ಲ, ‘ಐ ಹ್ಯಾವ್’.

ಇನ್ನೊಂದು ವಾಕ್ಯದ ಕಟ್ಟಿಗೇ ಸೇರಿದ್ದು. ಕನ್ನಡದಲ್ಲಿ ಕಾರಣ ಮೊದಲು, ಕ್ರಿಯೆ ಕೊನೆಗೆ: ‘ತಂದೆಯವರ ಆಪರೇಷನ್ ಇರುವುದರಿಂದ ಮೂರು ದಿನ ರಜೆ ಬೇಕು.’ ಅದು ಇಂಗ್ಲಿಷಿಗೆ ಬರುವಾಗ ‘ಆಸ್ ಮೈ ಫಾದರ್ ಈಸ್ ಹ್ಯಾವಿಂಗ್ ಆಪರೇಷನ್, ಸೋ ಕೈಂಡ್ಲಿ ಗ್ರಾಂಟ್…’ ಆಗುತ್ತದೆ. ‘ಆಸ್’ ಇದ್ದಮೇಲೆ ‘ಸೋ’ ಬೇಡ. ಅದಕ್ಕಿಂತಲೂ ಒಳ್ಳೆಯದು ಕೋರಿಕೆಯನ್ನೇ ಮುಂದೆ ತರುವುದು: ‘ಐ ರಿಕ್ವೆಸ್ಟ್ ಲೀವ್ ಫಾರ್ ತ್ರೀ ಡೇಸ್, ಫ್ರಮ್ 11 ಟು 13 ಜೂನ್, ಬೋತ್ ಡೇಸ್ ಇನ್‌ಕ್ಲೂಸಿವ್, ಆಸ್ ಮೈ ಫಾದರ್ ಈಸ್ ಹ್ಯಾವಿಂಗ್ ಸರ್ಜರಿ.’ ಈ ‘ಬೋತ್ ಡೇಸ್ ಇನ್‌ಕ್ಲೂಸಿವ್’ ಹಳೇ ಕಚೇರಿ ಮಾತು, ಆದರೆ ಬಿಡಬೇಡಿ. 13ಕ್ಕೆ ಕೆಲಸಕ್ಕೆ ಬರುತ್ತೀರೋ 14ಕ್ಕೋ ಎಂಬ ಗೊಂದಲ ಅಲ್ಲೇ ಮುಗಿಯುತ್ತದೆ. ನೀವಿಲ್ಲದಾಗ ಕೆಲಸ ಯಾರು ನೋಡಿಕೊಳ್ಳುತ್ತಾರೆ ಎಂದು ಇನ್ನೊಂದು ಸಾಲು ಸೇರಿಸಿದರೆ ರಜೆ ಬೇಗ ಮಂಜೂರಾಗುತ್ತದೆ.

ಪ್ರಶ್ನೆ: ಡಿ.ಓ. ಪತ್ರಕ್ಕೂ ಆಫೀಸ್ ಮೆಮೊರಾಂಡಮ್‌ಗೂ ಏನು ವ್ಯತ್ಯಾಸ? (ಸ್ಪರ್ಧಾತ್ಮಕ ಪರೀಕ್ಷಾರ್ಥಿ, ಕಲಬುರಗಿ)

ಉತ್ತರ: ಡಿ.ಓ. ಎಂದರೆ ಡೆಮಿ ಅಫಿಷಿಯಲ್. ಒಬ್ಬ ಅಧಿಕಾರಿ ಇನ್ನೊಬ್ಬರ ವೈಯಕ್ತಿಕ ಗಮನಕ್ಕೆ ತರಲು ಹೆಸರು ಹಿಡಿದು, ‘ನಾನು’ ಎಂಬ ಉತ್ತಮಪುರುಷದಲ್ಲಿ ಬರೆದು, ‘ಯುವರ್ಸ್ ಸಿನ್ಸಿಯರ್ಲಿ’ ಎಂದು ಮುಗಿಸುತ್ತಾರೆ. ಆಫೀಸ್ ಮೆಮೊರಾಂಡಮ್ ಪೂರ್ತಿ ಪ್ರಥಮಪುರುಷದಲ್ಲಿ (ಇಂಗ್ಲಿಷಿನ ಥರ್ಡ್ ಪರ್ಸನ್), ‘ದಿ ಅಂಡರ್‌ಸೈನ್ಡ್ ಈಸ್ ಡೈರೆಕ್ಟೆಡ್ ಟು…’ ಎಂಬ ಧಾಟಿಯಲ್ಲಿ ಸಾಗುತ್ತದೆ. ಅದಕ್ಕೆ ಸಂಬೋಧನೆಯೂ ಇಲ್ಲ, ‘ಯುವರ್ಸ್’ ಕೂಡ ಇಲ್ಲ, ಕೆಳಗೆ ಸಹಿ ಮಾಡಿದವರ ಹೆಸರು ಮತ್ತು ಹುದ್ದೆ ಮಾತ್ರ. ಪರೀಕ್ಷೆಯಲ್ಲಿ ಮೆಮೊರಾಂಡಮ್ಮಿಗೆ ‘ಸರ್’ ಹಾಕಿದರೆ ಅಂಕ ಹೋದಂತೆಯೇ.

ಪ್ರಶ್ನೆ: ಜರ್ಮನಿಯ ಪ್ರೊಫೆಸರ್‌ಗಳಿಗೆ ಪಿಎಚ್.ಡಿ. ಅವಕಾಶ ಕೇಳಿ ನಲವತ್ತು ಮೇಲ್ ಕಳಿಸಿದೆ, ಉತ್ತರ ಬಂದದ್ದು ಎರಡು. ಮೇಲ್‌ನ ಪ್ರತಿ ಕಳಿಸಿದ್ದೇನೆ. (ಎಂ.ಎಸ್ಸಿ. ವಿದ್ಯಾರ್ಥಿ, ಧಾರವಾಡ)

ಉತ್ತರ: ನಲವತ್ತಕ್ಕೂ ಒಂದೇ ಮೇಲ್ ಹೋಗಿದೆ ಎಂಬುದು ಮೊದಲ ಸಾಲಿನಲ್ಲೇ ಗೊತ್ತಾಗುತ್ತದೆ. ‘ರೆಸ್ಪೆಕ್ಟೆಡ್ ಸರ್/ಮೇಡಮ್’ ಮತ್ತು ‘ಯುವರ್ ಎಸ್ಟೀಮ್ಡ್ ಯೂನಿವರ್ಸಿಟಿ’ ಸೇರಿದರೆ ಸಾಮೂಹಿಕ ಅಂಚೆಯ ಮುದ್ರೆ ಬಿದ್ದಂತೆ. ನಲವತ್ತರ ಬದಲು ಎಂಟು ಜನರನ್ನು ಆರಿಸಿ. ಪ್ರತಿಯೊಬ್ಬರ ಇತ್ತೀಚಿನ ಒಂದು ಪ್ರಬಂಧ ಓದಿ, ಅದರ ಯಾವ ಭಾಗ ನಿಮ್ಮ ಪ್ರಾಜೆಕ್ಟಿಗೆ ತಾಗುತ್ತದೆ ಎಂದು ಎರಡೇ ವಾಕ್ಯದಲ್ಲಿ ಬರೆಯಿರಿ. ‘ಡಿಯರ್ ಪ್ರೊಫೆಸರ್’ ಆದಮೇಲೆ ಮನೆತನದ ಹೆಸರು. ಇಡೀ ಮೇಲ್ 150ರಿಂದ 200 ಪದದೊಳಗಿರಲಿ: ನೀವು ಯಾರು, ಇವರಿಗೇ ಯಾಕೆ ಬರೆಯುತ್ತಿದ್ದೀರಿ, ಏನು ಮಾಡಿದ್ದೀರಿ, ಏನು ಕೇಳುತ್ತಿದ್ದೀರಿ. ಕೊನೆಯದು ಪ್ರಶ್ನೆಯಾಗಿರಲಿ: ‘ಆರ್ ಯೂ ಅಕ್ಸೆಪ್ಟಿಂಗ್ ಪಿಎಚ್.ಡಿ. ಸ್ಟೂಡೆಂಟ್ಸ್ ಫಾರ್ ನೆಕ್ಸ್ಟ್ ಇಯರ್?’ ಹೌದು-ಇಲ್ಲ ಎಂದು ಒಂದೇ ಸಾಲಲ್ಲಿ ಉತ್ತರಿಸಬಹುದಾದ ಪ್ರಶ್ನೆಗೆ ಉತ್ತರ ಬರುವ ಸಂಭವ ಹೆಚ್ಚು. ಹತ್ತು ಸರ್ಟಿಫಿಕೇಟ್ ಲಗತ್ತಿಸುವ ಬದಲು ಎರಡು ಪುಟದ ಒಂದೇ ಪಿಡಿಎಫ್ ಸಿವಿ ಕಳಿಸಿ. ಫೈಲಿಗೆ ‘ನ್ಯೂ ಸಿವಿ ಫೈನಲ್ 3’ ಎಂದಲ್ಲ, ನಿಮ್ಮ ಹೆಸರನ್ನೇ ಇಡಿ. ಎರಡು ವಾರದಲ್ಲಿ ಉತ್ತರ ಬಾರದಿದ್ದರೆ ಅದೇ ಮೇಲ್‌ಗೆ ರಿಪ್ಲೈ ಮಾಡಿ ಒಮ್ಮೆ ಮಾತ್ರ ನೆನಪಿಸಿ.

ಇನ್ನು ಪದಗಳು. ‘ಐ ಹ್ಯಾವ್ ಎ ಡೌಟ್ ಇನ್ ಯುವರ್ ಪೇಪರ್’ ಎಂದು ಬರೆದಿದ್ದೀರಿ. ನಮಗೆ ಡೌಟು ಎಂದರೆ ಅರ್ಥವಾಗದ್ದನ್ನು ಕೇಳುವುದು, ಅವರಿಗೆ ನಿಮ್ಮ ಪ್ರಬಂಧದ ಮೇಲೆಯೇ ಸಂಶಯ ಎಂದು ಕೇಳಿಸುತ್ತದೆ. ‘ಐ ಹ್ಯಾವ್ ಎ ಕ್ವೆಶ್ಚನ್’ ಎನ್ನಿ. ‘ಐ ಪಾಸ್ಡ್ ಔಟ್ ಇನ್ 2024’ ಎಂದರೆ ಪ್ರಜ್ಞೆ ತಪ್ಪಿ ಬಿದ್ದೆ ಎಂದಾಗುತ್ತದೆ, ‘ಐ ಗ್ರಾಜುಯೇಟೆಡ್’ ಸರಿ. ‘ಕೈಂಡ್ಲಿ ರಿವರ್ಟ್’ ಬದಲು ‘ಐ ಲುಕ್ ಫಾರ್ವರ್ಡ್ ಟು ಯುವರ್ ರಿಪ್ಲೈ’. ‘ಪ್ರಿಪೋನ್’, ‘ಔಟ್ ಆಫ್ ಸ್ಟೇಷನ್’ ಎರಡೂ ಇಲ್ಲಿ ಜೀವಂತ, ಅಲ್ಲಿ ಅಪರಿಚಿತ. ಲಕ್ಷ, ಕೋಟಿಯೂ ಹಾಗೆಯೇ. ಐದು ಲಕ್ಷವನ್ನು 500,000 ಎಂದು ಅವರ ಅಲ್ಪವಿರಾಮದಲ್ಲೇ ಬರೆಯಿರಿ. 03/04 ನಮಗೆ ಏಪ್ರಿಲ್ 3, ಅಮೆರಿಕದವರಿಗೆ ಮಾರ್ಚ್ 4, ಆದ್ದರಿಂದ ತಿಂಗಳನ್ನು ಅಕ್ಷರದಲ್ಲೇ ಬರೆಯಿರಿ. ವಿಡಿಯೊ ಕರೆಗೆ ಸಮಯ ಹೇಳುವಾಗ ಎರಡೂ ಕಡೆಯ ಗಂಟೆ ಕೊಡಿ. ಜರ್ಮನಿ ನಮಗಿಂತ ಬೇಸಿಗೆಯಲ್ಲಿ ಮೂರೂವರೆ ಗಂಟೆ ಹಿಂದೆ, ಚಳಿಗಾಲದಲ್ಲಿ ನಾಲ್ಕೂವರೆ ಗಂಟೆ ಹಿಂದೆ.

ಪ್ರಶ್ನೆ: ರಾಜೀನಾಮೆ ಪತ್ರದಲ್ಲಿ ಮ್ಯಾನೇಜರ್ ಕೊಟ್ಟ ಕಿರುಕುಳವನ್ನು ಬರೆಯಲೇ? (ಓದುಗರು, ಬೆಂಗಳೂರು)

ಉತ್ತರ: ದೂರು ಕೊಡುವುದಿದ್ದರೆ ಎಚ್‌ಆರ್‌ಗೆ ಬೇರೆ ಮೇಲ್ ಬರೆಯಿರಿ, ದಿನಾಂಕ, ಘಟನೆ, ಸಾಕ್ಷಿಗಳ ಸಮೇತ. ಎರಡನ್ನೂ ಒಂದೇ ಕಾಗದದಲ್ಲಿ ಬೆರೆಸಿದರೆ ರಾಜೀನಾಮೆ ಮಾತ್ರ ಅಂಗೀಕಾರವಾಗುತ್ತದೆ, ದೂರು ಫೈಲಿನಲ್ಲಿ ಕರಗಿಹೋಗುತ್ತದೆ.

ರಾಜೀನಾಮೆಯಲ್ಲಿ ‘ಐ ವಾಂಟ್ ಟು ರಿಸೈನ್’ ಎಂದರೆ ಇನ್ನೂ ಆಲೋಚನೆಯಲ್ಲಿದ್ದೀರಿ ಎಂದಾಗಬಹುದು. ನೋಟಿಸ್ ಅವಧಿ ಯಾವ ದಿನದಿಂದ ಎಂಬ ತಕರಾರಿಗೆ ಅದೇ ಬೀಜ. ‘ಪ್ಲೀಸ್ ಅಕ್ಸೆಪ್ಟ್ ದಿಸ್ ಈಮೇಲ್ ಆಸ್ ನೋಟಿಸ್ ಆಫ್ ಮೈ ರೆಸಿಗ್ನೇಷನ್’ ಎಂದು ಹುದ್ದೆಯ ಹೆಸರಿನೊಂದಿಗೆ ನೇರವಾಗಿ ಬರೆಯಿರಿ. ಕೊನೆಯ ದಿನವನ್ನು ನೀವೇ ಲೆಕ್ಕ ಹಾಕಿ. ಜುಲೈ 2ಕ್ಕೆ ಕೊಟ್ಟ 60 ದಿನದ ನೋಟಿಸು, ಕೊಟ್ಟ ದಿನವನ್ನು ಬಿಟ್ಟರೆ ಆಗಸ್ಟ್ 31ಕ್ಕೆ, ಸೇರಿಸಿದರೆ 30ಕ್ಕೆ ಮುಗಿಯುತ್ತದೆ. ಒಂದು ದಿನಾಂಕ ಬರೆದು, ‘ಪ್ಲೀಸ್ ಕನ್‌ಫರ್ಮ್ ಮೈ ಲಾಸ್ಟ್ ವರ್ಕಿಂಗ್ ಡೇ’ ಎಂದು ಲಿಖಿತ ಉತ್ತರ ಕೇಳಿ. ರಿಲೀವಿಂಗ್ ಲೆಟರ್, ಎಕ್ಸ್‌ಪೀರಿಯೆನ್ಸ್ ಲೆಟರ್, ಫುಲ್ ಅಂಡ್ ಫೈನಲ್ ಸೆಟಲ್‌ಮೆಂಟ್ ಮೂರನ್ನೂ ಹೆಸರಿಸಿ ಕೇಳಿ. ಕಂಪನಿಯ ಮೇಲ್ ಖಾತೆ ಕೊನೆಯ ದಿನ ಬಂದ್ ಆಗುತ್ತದೆ, ಅಂಗೀಕಾರದ ಉತ್ತರವನ್ನು ಅದಕ್ಕೆ ಮುಂಚೆಯೇ ಪ್ರಿಂಟ್ ತೆಗೆದಿಟ್ಟುಕೊಳ್ಳಿ.

ಪ್ರಶ್ನೆ: ಸಿಸಿ, ಬಿಸಿಸಿ ಯಾವಾಗ ಬಳಸಬೇಕು? (ಓದುಗರು, ಉಡುಪಿ)

ಉತ್ತರ: ಕೆಲಸ ಮಾಡಬೇಕಾದವರು ‘ಟು’ನಲ್ಲಿ, ತಿಳಿದಿದ್ದರೆ ಸಾಕೆನ್ನುವವರು ‘ಸಿಸಿ’ಯಲ್ಲಿ. ಪರಸ್ಪರ ಪರಿಚಯವಿಲ್ಲದ ಐವತ್ತು ಜನಕ್ಕೆ ಆಮಂತ್ರಣ ಕಳಿಸುವಾಗ ‘ಬಿಸಿಸಿ’, ಇಲ್ಲದಿದ್ದರೆ ಎಲ್ಲರ ವಿಳಾಸ ಎಲ್ಲರಿಗೂ ಸಿಗುತ್ತದೆ. ಬಾಸ್‌ಗೆ ಗುಟ್ಟಾಗಿ ಬಿಸಿಸಿ ಮಾಡುವುದು ಅಪಾಯ. ಅವರು ಮರೆತು ‘ರಿಪ್ಲೈ ಆಲ್’ ಒತ್ತಿದರೆ ಗುಟ್ಟು ರಟ್ಟು. ಮೊದಲ ಮೇಲ್‌ನಲ್ಲೇ ಎದುರಿನವರ ಮೇಲಧಿಕಾರಿಯನ್ನು ಸಿಸಿಗೆ ಸೇರಿಸಿದರೆ ಚಾಡಿ ಹೇಳಿದಂತೆ, ಎರಡನೇ ನೆನಪೋಲೆಯವರೆಗೆ ಕಾಯಿರಿ.

ಪ್ರಶ್ನೆ: ಸರ್ಕಾರಿ ಕಚೇರಿಗೆ ಇಂಗ್ಲಿಷಿನಲ್ಲೇ ಬರೆದರೆ ಬೇಗ ಕೆಲಸವಾಗುತ್ತದೆಯೇ? (ನಿವೃತ್ತ ಶಿಕ್ಷಕರು, ಚಿತ್ರದುರ್ಗ)

ಉತ್ತರ: ರಾಜ್ಯದ ಕಚೇರಿಗೆ ಕನ್ನಡದಲ್ಲೇ ಬರೆಯಿರಿ, ಆಡಳಿತ ಭಾಷೆ ಅದೇ. ಮಾಹಿತಿ ಹಕ್ಕು ಕಾಯ್ದೆಯ 6(1)ನೇ ಕಲಮಿನಲ್ಲೂ ಇಂಗ್ಲಿಷ್, ಹಿಂದಿ ಜತೆಗೆ ಆಯಾ ಪ್ರದೇಶದ ಅಧಿಕೃತ ಭಾಷೆಯಲ್ಲಿ ಅರ್ಜಿ ಹಾಕಬಹುದು ಎಂದು ಬರೆದಿದೆ. ಕರ್ನಾಟಕದ ನಿಯಮದಂತೆ ಅರ್ಜಿ ಒಂದೇ ವಿಷಯಕ್ಕೆ ಸಂಬಂಧಿಸಿರಬೇಕು, 150 ಪದ ಮೀರಬಾರದು, ಶುಲ್ಕ ₹10.

ಪ್ರಶ್ನೆ: ಅಟ್ಯಾಚ್‌ಮೆಂಟ್ ಮರೆತು ಕಳಿಸಿಬಿಡುತ್ತೇನೆ. ಉಪಾಯವಿದೆಯೇ? (ಓದುಗಿ, ಮಡಿಕೇರಿ)

ಉತ್ತರ: ಬರೆಯುವ ಕ್ರಮವನ್ನು ತಿರುಗಿಸಿ: ಮೊದಲು ಲಗತ್ತು, ಆಮೇಲೆ ಒಕ್ಕಣೆ, ವಿಳಾಸ ಕಟ್ಟಕಡೆಗೆ. ವಿಳಾಸವೇ ಇಲ್ಲದ ಮೇಲ್ ಕೈತಪ್ಪಿಯೂ ಹೋಗುವುದಿಲ್ಲ. ಜಿಮೇಲ್‌ನ ಸೆಟ್ಟಿಂಗ್ಸ್‌ನಲ್ಲಿ ‘ಅನ್‌ಡು ಸೆಂಡ್’ ಅವಧಿ 5 ಸೆಕೆಂಡಿಗೆ ನಿಂತಿದ್ದರೆ 30ಕ್ಕೆ ಏರಿಸಿ. ಲಗತ್ತು 25 ಎಂಬಿ ದಾಟಿದರೆ ಅದು ಡ್ರೈವ್ ಲಿಂಕ್ ಆಗಿ ಹೋಗುತ್ತದೆ, ತೆರೆಯುವ ಅನುಮತಿ ಪಡೆಯುವವರಿಗೆ ಇದೆಯೇ ಎಂದು ನೋಡಿಯೇ ಕಳಿಸಿ.